ಬಾಗಿಲ ಕಡೆ ತಿರುಗಿ ಮಾತಾಡಿದ ಮಕ್ಕಳು

ಇದನ್ನು ಬರೆಯಲು ಕುಳಿತು ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ಒಮ್ಮೆ ಕನ್ನಡಕದ ನೆಪ, ಒಮ್ಮೆ ಮೊಣಕಾಲಿನ ನೆಪ. ಏನು ಬರೆಯುತ್ತೀರಿ ಎಂದು ಹೆಂಡತಿ ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ಹೇಳಬೇಕಾದದ್ದು ದೊಡ್ಡದೇನಲ್ಲ. ಒಂದು ಶಾಲೆಯಲ್ಲಿ ಒಂದು ವರ್ಷ ಕೂಡ ತುಂಬದಷ್ಟು ಕಾಲ ನಾನು ಮಾಡಿದ ಕೆಲಸ, ಅದರ ನಡುವೆ ಮಾಡಿದ ಒಂದು ಹೇಯ ಕೃತ್ಯ. ಕೃತ್ಯ ಎಂದರೆ ಏನೋ ಮಾಡಬಾರದ ಪಾತಕದಂತೆ ಕೇಳುತ್ತದೆ. ಹಾಗಿರಲಿಲ್ಲ. ಬಿಳಿ ಕಾಗದದ ಮೇಲೆ ಒಂದು ಪುಟ, ಅಷ್ಟೇ.

ನಾನು ಮಾಸ್ತರನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಮುದುಕನಾದವನು. ಸೊಸೈಟಿಗಳ ವಾರ್ಷಿಕ ವರದಿ, ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲವೂ ನನ್ನ ಕಣ್ಣ ಕೆಳಗೆ ಹಾದು ಹೋಗಿವೆ. ಇಂಗ್ಲಿಷ್ ಮಾತಾಡಲು ಈಗಲೂ ತಡವರಿಸುತ್ತೇನೆ. ಆದರೆ ಅದರ ಕಾಮಾ, ಫುಲ್‌ಸ್ಟಾಪು ಎಲ್ಲಿ ಕೂರಬೇಕು ಎನ್ನುವುದರಲ್ಲಿ ನನ್ನನ್ನು ಯಾವ ಪದವೀಧರನೂ ಸೋಲಿಸಿದ್ದಿಲ್ಲ.

ಕೇಶ್ವಾಪುರದ ಆಚೆ ಒಂದು ಸಣ್ಣ ಖಾಸಗಿ ಶಾಲೆ. ಅಲ್ಲಿಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಅಕ್ಕೋರು ಎನ್ನುತ್ತಿದ್ದರು. ಅವರ ಪ್ರಶ್ನೆಪತ್ರಿಕೆಗಳು ನಮ್ಮಲ್ಲೇ ಅಚ್ಚಾಗುತ್ತಿದ್ದವು. ನಾನು ನಿವೃತ್ತನಾದ ಮರುವರ್ಷ ಅವರು ಕರೆಸಿ ಹೇಳಿದರು: "ಒಮ್ಮೆ ನನ್ನ ಪೇಪರಿನಾಗ ಹದಿನೇಳು ತಪ್ಪು ಹಿಡದು ಕಳಸಿದ್ರಿ. ಅವತ್ತ ಭಾಳ ಸಿಟ್ಟ ಬಂದಿತ್ತು. ಈಗ ಅದನ್ನ ತೀರಿಸ್ಕೋತೇನಿ. ನಮ್ಮ ಎರಡನೇ ಕ್ಲಾಸಿನವರನ್ನ ಸಂಭಾಳಿಸ್ರಿ."

ಅವರು ಸೇಡು ತೀರಿಸಿಕೊಂಡದ್ದು ನಿಜ ಎಂದು ನನಗೆ ಜೂನ್ ಮುಗಿಯುವುದರೊಳಗೆ ಗೊತ್ತಾಯಿತು.

ಕೆಲಸ ಇಷ್ಟು. ದಿನಾಲು ಮಧ್ಯಾಹ್ನ ಊಟದ ಬಿಡುವಿನ ನಂತರ ಒಂದು ತಾಸು. ಇಪ್ಪತ್ತಾರು ಮಕ್ಕಳು. ಸ್ಪಷ್ಟವಾಗಿ ಮಾತಾಡುವುದು, ಅಂದವಾಗಿ ಬರೆಯುವುದು, ಇಂಗ್ಲಿಷ್ ವಾಕ್ಯ ದೊಡ್ಡ ಅಕ್ಷರದಿಂದ ಶುರುವಾಗಿ ಫುಲ್‌ಸ್ಟಾಪಿನಲ್ಲಿ ಮುಗಿಯುವುದು, ಇವಿಷ್ಟನ್ನು ಕಲಿಸಬೇಕು. ಜನವರಿಯಲ್ಲಿ ಪಾಲಕರ ಸಭೆ. ಅಲ್ಲಿ ಪ್ರತಿ ಮಗುವೂ ಮೈಕ್ ಇಲ್ಲದೆ ನಿಂತು ತನ್ನ ಬಗ್ಗೆ ಮೂರು ವಾಕ್ಯ ಹೇಳಬೇಕು, ಹೇಳಿದ ವಾಕ್ಯವನ್ನು ಹಲಗೆಯ ಮೇಲೆ ಬರೆಯಬೇಕು. ಅದು ಚೆನ್ನಾದರೆ ಮುಂದಿನ ವರ್ಷ ಎಲ್ಲ ತರಗತಿಗಳಿಗೂ ಈ ತಾಸು ಬರುತ್ತದೆ, ಅದರ ಹೊಣೆ ನನ್ನದಾಗುತ್ತದೆ. ಆಡಳಿತ ಮಂಡಳಿಯವರು ಹಾಗೆಂದು ಒಪ್ಪಿದ್ದರು. ನನಗೆ ಅದು ಬೇಕಿತ್ತು. ಜೀವಮಾನವೆಲ್ಲ ಬೇರೆಯವರ ಹೆಸರಿನ ಪುಸ್ತಕ ತಿದ್ದಿದವನಿಗೆ ಇದಾದರೂ ನನ್ನದು ಎನ್ನುವಂಥದ್ದೊಂದು ಬೇಕಿತ್ತು.

ಮೊದಲ ತಿಂಗಳು ನಾನು ದಿನಕ್ಕೆರಡು ಸಲ ಕೆಲಸ ಬಿಡುವ ನಿರ್ಧಾರ ಮಾಡುತ್ತಿದ್ದೆ. ಫುಲ್‌ಸ್ಟಾಪ್ ಅಂದರೆ ಚುಕ್ಕಿ ಎಂದು ಹೇಳಿಕೊಟ್ಟೆ. ಒಬ್ಬ ಶೇಂಗಾ ಕಾಳಿನಷ್ಟು ದಪ್ಪ ಚುಕ್ಕಿ ಇಟ್ಟ. ಇನ್ನೊಬ್ಬ ಪೆನ್ಸಿಲ್ ತಿರುವಿ ತಿರುವಿ ಕಾಗದದ ಆಚೆ ಬದಿಗೇ ಹೋಗಿಬಿಟ್ಟ. ಮುಂದಿನ ಸಾಲಿನ ಹುಡುಗಿ ಒಂದೊಂದು ಶಬ್ದಕ್ಕೂ ಒಂದೊಂದು ಚುಕ್ಕಿ ಇಟ್ಟು, ಚೆಂದ ಕಾಣಲಿ ಎಂದು ಮೇಲೊಂದು ಹೂವನ್ನೂ ಬರೆದಿದ್ದಳು. ಉಳಿದವರೆಲ್ಲ ಪ್ರತಿ ಗೆರೆಯ ಕೊನೆಗೆ ಚುಕ್ಕಿ ಇಟ್ಟಿದ್ದರು. ಗೆರೆ ಮುಗಿಯಿತು, ಮಾತೂ ಮುಗಿಯಿತು ಎಂಬುದು ಅವರ ನಂಬಿಕೆ. ಕಾಮಾ ಎಂಬುದು ನಾಲ್ಕು ಗೆರೆಯ ಕಾಪಿಯಲ್ಲಿ ಸೊಳ್ಳೆಯ ಹಾಗೆ ಎಲ್ಲಿ ಬೇಕಾದಲ್ಲಿ ಕೂರುತ್ತಿತ್ತು. ಇವತ್ತು ತಿದ್ದಿದ್ದು ನಾಳೆಗೆ ಇಲ್ಲ. ಸೋಮವಾರ ಬಂತೆಂದರೆ ಜೂನ್ ಒಂದನೆಯ ತಾರೀಖಿಗೆ ವಾಪಸ್.

ಮಾತಿನ ಪಾಡು ಇನ್ನೂ ಕೆಟ್ಟದ್ದು. ಎಲ್ಲರೂ ಕೂಡಿ ಹೇಳಿದರೆ ಚಾವಣಿ ಹಾರಿಹೋಗುವಷ್ಟು ಸದ್ದು. ಒಬ್ಬೊಬ್ಬರನ್ನೇ ನಿಲ್ಲಿಸಿದರೆ ಸೊನ್ನೆ. ಅಂಗಿಯ ಗುಂಡಿಗೆ ಹೇಳುವವರು, ಗೋಡೆಗೆ ಹೇಳುವವರು, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಹೇಳುವವರು. 'ಮೈ ನೇಮ್ ಈಸ್' ತನಕ ಹೇಗೋ ಕೇಳುತ್ತಿತ್ತು, ಹೆಸರೇ ನುಂಗಿಹೋಗುತ್ತಿತ್ತು.

ನನಗೆ ಗೊತ್ತಿದ್ದ ದಾರಿ ಮುದ್ರಣಾಲಯದ್ದು. ಅಲ್ಲಿ ಕರಡು ತಿದ್ದಲು ಇಬ್ಬರು ಬೇಕು. ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಾದದ್ದನ್ನು ನೋಡುತ್ತಾನೆ. ಓದುವವನು ಚಿಹ್ನೆಗಳನ್ನೂ ಓದಬೇಕು. ಪ್ರತಿ ಸಲ ಬಾಯಿಂದ ಹೇಳಿದರೆ ದಣಿವಾಗುತ್ತದೆಂದು ನಾವು ಮೇಜು ತಟ್ಟುತ್ತಿದ್ದೆವು. ಕಾಮಾಕ್ಕೆ ಒಂದು ಪೆಟ್ಟು, ಫುಲ್‌ಸ್ಟಾಪಿಗೆ ಎರಡು. ನಾನು ಮಕ್ಕಳನ್ನು ಜೋಡಿ ಮಾಡಿ ಕೂರಿಸಿ ಇದನ್ನೇ ಹೇಳಿಕೊಟ್ಟೆ. ಅವರಿಗೆ ಹಿಡಿಸಿದ್ದು ತಟ್ಟುವುದೊಂದೇ. ಓದು ಇಲ್ಲ, ಬರಹ ಇಲ್ಲ, ತಾಸು ಪೂರ್ತಿ ಬಡಿತ. ಪಕ್ಕದ ಕೋಣೆಯ ಅಕ್ಕೋರು ಬಾಗಿಲಲ್ಲಿ ನಿಂತು, "ಸರ್, ನಿಮ್ಮ ಕ್ಲಾಸಿಗೆ ಬಡಿಗ್ಯಾರು ಬಂದಾರೇನ್ರಿ?" ಎಂದು ಕೇಳಿದರು. ಮೇಜಿನ ಬದಲು ತಮ್ಮ ಮೊಣಕಾಲು ತಟ್ಟಿಕೊಳ್ಳಿರಿ ಎಂದೆ. ಪಕ್ಕದವನ ಮೊಣಕಾಲು ತಟ್ಟಿದರು. ಎರಡು ಜಗಳ, ಒಬ್ಬನ ಮೂಗಿನಲ್ಲಿ ರಕ್ತ.

ಆಗಸ್ಟಿನಲ್ಲಿ ಮನೆಯಿಂದ ಒಂದು ಡಬ್ಬಿ ಜೋಳದ ಕಾಳು ಒಯ್ದೆ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ದೊಡ್ಡ ಅಕ್ಷರದಲ್ಲಿ ಐದು ವಾಕ್ಯ ಬರೆದೆ, ಚಿಹ್ನೆ ಒಂದೂ ಇಲ್ಲದೆ, ಗೆರೆಗಳನ್ನು ನಡುನಡುವೆ ಮುರಿದು. ಪ್ರತಿ ಜೋಡಿಗೆ ಐದೇ ಕಾಳು. ಮಾತು ಮುಗಿದಲ್ಲಿ ಒಂದು ಕಾಳು ಇಡಬೇಕು. ಗೆರೆಯ ಕೊನೆಗೆಲ್ಲ ಇಡುತ್ತ ಹೋದರೆ ಮೂರನೆಯ ವಾಕ್ಯಕ್ಕೇ ಕಾಳು ಖಾಲಿ. ಮೊದಲ ದಿನ ಅರ್ಧ ಕಾಳು ತಿಂದುಬಿಟ್ಟರು. ಎರಡನೆಯ ವಾರಕ್ಕೆ ಒಬ್ಬಳು ಕಾಳನ್ನು ಕೈಯಲ್ಲೇ ಹಿಡಿದು ವಾಕ್ಯವನ್ನು ಬಾಯಲ್ಲಿ ಅಂದುಕೊಂಡು, ಇನ್ನೂ ಮುಗಿದಿಲ್ಲ ಎಂದು ತಲೆಯಾಡಿಸಿ, ಮುಂದಿನ ಗೆರೆಗೆ ಹೋದಳು. ಅವತ್ತು ನಾನು ಮನೆಗೆ ನಡೆದೇ ಹೋದೆ, ಖುಷಿಗೆ.

ಆ ಹುಡುಗಿ ಶಾಲೆಯ ಆಯಾಳ ಮೊಮ್ಮಗಳು. ಆಯಾಳ ವಿಷಯ ಈಗ ಹೇಳಬೇಕು.

ಆಕೆ ಶಿರಗುಪ್ಪಿಯವಳು. ಐವತ್ತೈದು ದಾಟಿರಬಹುದು. ದಿನಾಲು ಮುಂಜಾನೆಯ ಬಸ್ಸಿಗೆ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಳು, ಸಂಜೆ ಕರೆದೊಯ್ಯುತ್ತಿದ್ದಳು. ಆಕೆ ಅಲ್ಲಿ ಕೆಲಸಕ್ಕಿದ್ದಳೆಂದು ಆ ಹುಡುಗಿಗೆ ಫೀ ಇರಲಿಲ್ಲ. ನೀರಿನ ಕ್ಯಾನು ನನ್ನ ಕೋಣೆಯ ಬಾಗಿಲ ಹತ್ತಿರ ಇತ್ತು, ಆದ್ದರಿಂದ ಆಕೆಯ ಸ್ಟೂಲೂ ಅಲ್ಲೇ. ಹೊರಗೆ ಹೋಗುವ ಮಕ್ಕಳೆಲ್ಲ ಆಕೆಯನ್ನು ದಾಟಿಯೇ ಹೋಗಬೇಕು.

ಎಲ್ಲ ಶಾಲೆಗಳಲ್ಲೂ ಮಕ್ಕಳು ಕಿರುಬೆರಳು ಎತ್ತಿ ತೋರಿಸಿದರೆ ಮುಗಿಯಿತು, ಬಿಡುತ್ತಾರೆ. ಈಕೆ ಬೆರಳಿಗೆ ಬಿಡುತ್ತಿರಲಿಲ್ಲ. "ಬೆರಳಿಗೆ ಬಾಯಿ ಐತೇನು? ನನ್ನ ಮುಂದ ನಿಂದ್ರು. ಬಾಯಿ ತೆರದು ಹೇಳು." ಎಲ್ಲಿಗೆ ಹೋಗುತ್ತೀ, ಯಾಕೆ ಹೋಗುತ್ತೀ, ಯಾರ ಜೋಡಿ ಹೋಗುತ್ತೀ. ಅರ್ಧ ಹೇಳಿದರೆ "ಏನಂದಿ?" ಎನ್ನುವಳು. ಮತ್ತೆ ಮೊದಲಿನಿಂದ. ಒಂದು ಮಗು ಹೊರಗೆ ಹೋಗಲು ಎರಡು ನಿಮಿಷ. ಅಷ್ಟು ಹೊತ್ತು ಉಳಿದ ಇಪ್ಪತ್ತೈದು ತಲೆಗಳೂ ಬಾಗಿಲ ಕಡೆ. ನನ್ನ ತಾಸಿನಲ್ಲಿ ಕಾಲು ಭಾಗ ಹೀಗೇ ಹೋಗುತ್ತಿತ್ತು. ಬೇಕೆಂದೇ ಮಕ್ಕಳನ್ನು ಗೋಳಾಡಿಸುತ್ತಾಳೆ ಎಂದು ನನಗೆ ಸಿಟ್ಟು. ಒಮ್ಮೆ ಒಳಗಿನಿಂದ ಗದರಿದೆ. ಆಕೆ ತಿರುಗಿ ಕೂಡ ನೋಡಲಿಲ್ಲ. ಸೊಕ್ಕು ಎಂದುಕೊಂಡೆ.

ಸೆಪ್ಟೆಂಬರಿನ ಹೊತ್ತಿಗೆ ಮಕ್ಕಳ ದನಿ ಏರತೊಡಗಿತು. ಅಕ್ಟೋಬರಿನಲ್ಲಿ ಕೊನೆಯ ಶಬ್ದವೂ ಕೇಳತೊಡಗಿತು. ತುಟಿ ಬಿಚ್ಚಿ, ಮುಖ ಎತ್ತಿ, ಒಂದು ಮಾತು ಮುಗಿಸಿ ಉಸಿರು ತೆಗೆದುಕೊಂಡು ಇನ್ನೊಂದು ಮಾತು. ನಾನು ನನ್ನ ಡೈರಿಯಲ್ಲಿ ಬರೆದುಕೊಂಡೆ: ಕಾಳಿನ ವಿಧಾನ ಮಾತಿಗೂ ಫಲಿಸಿದೆ. ಗೆಳೆಯರೊಬ್ಬರಿಗೆ ಫೋನಿನಲ್ಲೂ ಹೇಳಿದೆ. ಇದರ ಮೇಲೊಂದು ಸಣ್ಣ ಪುಸ್ತಕ ಮಾಡಬಹುದು ಎಂದರು. ನಾನು ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಮೊದಲ ತಾಲೀಮು. ದೊಡ್ಡ ಅಕ್ಕೋರು ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಅವರಿಗೆ ಕೇಳಬೇಕು, ಅದೇ ಪರೀಕ್ಷೆ. ಮೊದಲನೆಯ ಹುಡುಗ ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ, ಅಕ್ಕೋರ ಕಡೆಯೂ ನೋಡಲಿಲ್ಲ. ಪೂರ್ತಿ ಬಾಗಿಲ ಕಡೆ ತಿರುಗಿ ಮೂರು ವಾಕ್ಯ ಹೇಳಿ ಕೂತ. ಎರಡನೆಯವಳೂ ಹಾಗೇ. ಮೂರನೆಯವನನ್ನು ನಾನು ಭುಜ ಹಿಡಿದು ನೇರ ನಿಲ್ಲಿಸಿದೆ. ಅವನ ದನಿ ಅರ್ಧಕ್ಕೆ ಇಳಿಯಿತು. ಬಿಟ್ಟೆ. ಬಾಗಿಲ ಕಡೆ ತಿರುಗಿದ, ದನಿ ಸರಿಹೋಯಿತು. ಬಾಗಿಲಲ್ಲಿ ಆಯಾ ಮುಂದಕ್ಕೆ ಬಾಗಿ ಕೂತು, ಒಂದೊಂದು ಮಗು ಮುಗಿಸಿದಾಗಲೂ ಸರಿ ಎಂಬಂತೆ ತಲೆಯಾಡಿಸುತ್ತಿದ್ದಳು. ಇಪ್ಪತ್ತಾರು ಮಕ್ಕಳೂ ಆ ತಲೆ ಆಡುವುದನ್ನು ಕಾದು, ಆಮೇಲೆ ಕೂತರು.

ದೊಡ್ಡ ಅಕ್ಕೋರು ನಕ್ಕರು. "ಭಾಳ ಛಲೋ ಮಾತಾಡ್ತಾವ್ರಿ. ಆದ್ರ ಸರ್, ಇವು ನಿಮಗ ಹೇಳವಲ್ಲವು, ಆಯಾಗ ಹೇಳಾಕತ್ತಾವು. ಹುಡುಗ್ರಿಗೆ ಮಾತು ಕಲಿಸಿದಾಕಿ ಆಕೀನ ಇರಬೇಕು ನೋಡ್ರಿ."

ಅವರು ತಮಾಷೆಗೆ ಅಂದದ್ದು. ನನಗೆ ಅದು ಎದೆಯಲ್ಲಿ ಮುಳ್ಳಿನಂತೆ ನಾಟಿತು.

ಶಾಲೆ ಬಿಟ್ಟ ಮೇಲೆ ಆಯಾ ಮೇಲಿನ ಕೋಣೆಗಳ ಕಸ ಹೊಡೆಯಲು ಹೋಗಿದ್ದಳು. ಮೊಮ್ಮಗಳು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ನಾನು ಹತ್ತಿರ ಹೋಗಿ, ಎಲ್ಲರೂ ಅಜ್ಜಿಯ ಕಡೆ ಯಾಕೆ ತಿರುಗಿದಿರಿ ಎಂದು ಕೇಳಿದೆ. ಸಿಟ್ಟು ತೋರಿಸದೆ, ಮೆತ್ತಗೆ ಕೇಳಿದೆ. ಅದೂ ಒಂದು ಕಪಟವೇ.

ಆಕೆ ಮೆಟ್ಟಿಲ ಕಡೆ ಒಮ್ಮೆ ನೋಡಿ ಹೇಳಿದಳು: "ನಮ್ಮ ಅಜ್ಜೀದು ಎಡಗಿವಿ ಕೇಳಂಗಿಲ್ರಿ ಸರ್. ಬಲಗಿವಿನೂ ಕಮ್ಮಿ ಆಗೇತಿ. ಬಾಯಿ ನೋಡಿ ತಿಳ್ಕೋತಾಳ. ಎದುರಿಗೆ ನಿಂತು ಸಾವಕಾಶ ಹೇಳಿದ್ರ ಎಲ್ಲಾ ತಿಳೀತೈತಿ."

ಎಲ್ಲರಿಗೂ ಗೊತ್ತೇನು ಎಂದೆ.

"ನಮ್ಮ ಕ್ಲಾಸಿನವ್ರಿಗೆ ಅಷ್ಟ ಗೊತ್ತೈತ್ರಿ. ದೊಡ್ಡವ್ರಿಗೆ ಯಾರಿಗೂ ಹೇಳಬಾರ್ದು ಅಂದಾಳ. ಕೆಲಸದಿಂದ ತಗೀತಾರಂತ." ಮತ್ತೆ ಮೆಟ್ಟಿಲ ಕಡೆ ನೋಡಿದಳು. "ನೀವು ಯಾರಿಗೂ ಹೇಳಬ್ಯಾಡ್ರಿ ಸರ್."

"ಇಲ್ಲವಾ, ಯಾರಿಗೂ ಹೇಳಂಗಿಲ್ಲ" ಎಂದೆ.

ಮನೆಗೆ ಹೋಗುವ ದಾರಿಯಲ್ಲಿ ಎಲ್ಲವೂ ತಾನಾಗಿ ಜೋಡಿಸಿಕೊಂಡಿತು. ಇಪ್ಪತ್ತಾರು ಮಕ್ಕಳು ದಿನಕ್ಕೆ ನಾಲ್ಕೈದು ಸಲ, ಬೇಕಾಗಿ ಬಿದ್ದ ಕೆಲಸಕ್ಕೆ, ಕಿವಿ ಕೇಳದ ಒಬ್ಬಳ ಎದುರು ನಿಂತು ಮುಖ ಎತ್ತಿ ತುಟಿ ಬಿಚ್ಚಿ ಪೂರ್ತಿ ಮೂರು ಮಾತು ಹೇಳಿದ್ದಾರೆ. ಅರ್ಧ ಹೇಳಿದರೆ ಕೆಲಸ ಆಗುವುದಿಲ್ಲ. ನುಂಗಿದರೆ ಆಗುವುದಿಲ್ಲ. ಐದು ತಿಂಗಳು. ನನ್ನ ಕಾಳು ಚುಕ್ಕಿ ಕಲಿಸಿತ್ತು, ಅದು ಖರೆ. ಮಾತು ಕಲಿಸಿದವಳು ಆಕೆ. ಬುದ್ಧಿ ಇದ್ದವನಾದರೆ ಮರುದಿನ ಹೋಗಿ ಆಕೆಯ ಸ್ಟೂಲನ್ನು ಸಭೆಯ ಹಿಂದಿನ ಗೋಡೆಗೆ ಇಡಿಸುತ್ತಿದ್ದ, ಮಕ್ಕಳೆಲ್ಲ ನೇರ ನೋಡಿ ಮಾತಾಡುತ್ತಿದ್ದರು. ಇಷ್ಟು ಸುಲಭದ ಉಪಾಯ ನನಗೆ ಹೊಳೆದದ್ದು ಯಾವಾಗ ಗೊತ್ತೇ? ಮಾರ್ಚಿನಲ್ಲಿ. ಆಗ ಹೊಳೆದದ್ದು ಬೇರೆ: ಈಕೆ ಅಲ್ಲಿ ಕೂತಿರುವ ತನಕ ಇದು ನನ್ನ ಕೆಲಸ ಅನ್ನಿಸಿಕೊಳ್ಳುವುದಿಲ್ಲ.

ಮರುದಿನ ಮಕ್ಕಳು ಬರುವ ಮೊದಲೇ ಆಯಾ ನನ್ನ ಮೇಜಿನ ಮುಂದೆ ಬಂದು ನಿಂತಳು. ಮೊಮ್ಮಗಳು ರಾತ್ರಿ ಹೇಳಿಬಿಟ್ಟಿದ್ದಳಂತೆ. ಸಣ್ಣವಳಿದ್ದಾಗ ಮಂಗನಬಾವು ಬಂದು ಎಡಗಿವಿ ಹೋದದ್ದು, ಇದೇ ಶಾಲೆಯಲ್ಲಿ ಒಂಬತ್ತು ವರ್ಷ ಯಾರಿಗೂ ತಿಳಿಯದಂತೆ ಕೆಲಸ ಮಾಡಿದ್ದು, ಎಲ್ಲ ಹೇಳಿದಳು. ಆಕೆಗೆ ಕೇಳಬೇಕೆಂದು ನಾನು ಬಾಯಿ ತೆರೆದು ಮಾತಾಡಬೇಕಾಯಿತು. ಅದರಿಂದಲೂ ಕಿರಿಕಿರಿಯಾಯಿತು.

ಮಕ್ಕಳ ಗತಿ ಏನು, ಹಿಂದಿನಿಂದ ಕೂಗಿದರೆ ಹೇಗೆ ಎಂದು ಕೇಳಿದೆ.

"ಕೂಗಿದ್ರ ಕೇಳಂಗಿಲ್ರಿ. ಅದಕ್ಕ ಹೋಗೂ ಮುಂಚೇನ ಎಲ್ಲಾ ಹೇಳಿಸ್ಕೋತೇನಿ. ಎಲ್ಲಿ ಹೋತು, ಯಾಕ ಹೋತು, ಯಾರ ಜೋಡಿ ಹೋತು. ಒಂದನ್ನ ಒಂಟಿ ಬಿಡಂಗಿಲ್ಲ. ತಡಾ ಆದ್ರ ಎದ್ದು ಹೋಗಿ ನೋಡ್ತೇನಿ. ಕಿವಿ ಇದ್ದಾಕಿ ಕೂಗಿದಾಗ ಹೋಗ್ತಾಳ್ರಿ ಸರ್, ನಾ ಕೂಗೂ ಮುಂಚೆ ಹೋಗ್ತೇನಿ." ಆಮೇಲೆ ದನಿ ತಗ್ಗಿಸಿದಳು, ತಮ್ಮ ದನಿ ಎಷ್ಟು ದೊಡ್ಡದಿದೆಯೋ ತಿಳಿಯದವರು ತಗ್ಗಿಸುವ ಹಾಗೆ. "ನಾ ಹೋದ್ರ ಆ ಕೂಸಿನ ಸಾಲೀನೂ ಹೋಗ್ತೈತ್ರಿ. ಹೇಳಬ್ಯಾಡ್ರಿ."

"ನೋಡೂಣು" ಎಂದೆ.

ಧಾರವಾಡ ಸೀಮೆಯ ಮನುಷ್ಯ 'ನೋಡೂಣು' ಅಂದರೆ ಆಗುವುದಿಲ್ಲ ಎಂದೇ ಅರ್ಥ, ಅದು ಎಲ್ಲರಿಗೂ ಗೊತ್ತು. ಆಕೆಗೂ ಗೊತ್ತಿತ್ತು. ಆದರೂ ಕೈಮುಗಿದು ಹೋದಳು.

ಅದಾಗಿ ನಾಲ್ಕೈದು ದಿನಕ್ಕೆ ಒಂದನೆಯ ತರಗತಿಯ ಒಂದು ಮಗು ಶೌಚಾಲಯದ ಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಅಳುತ್ತಿತ್ತು. ಜೋಡಿಗೆ ಹೋದದ್ದು ಆಟಕ್ಕೆ ಓಡಿಹೋಗಿತ್ತು. ನನಗೆ ಕೇಳಿಸಿತು, ಆಯಾಗೆ ಕೇಳಿಸಲಿಲ್ಲ. ನಾನು ಎದ್ದು ಬಾಗಿಲ ತನಕ ಬರುವಷ್ಟರಲ್ಲಿ ಆಕೆ ತಡವಾಯಿತೆಂದು ತಾನೇ ಎದ್ದು ಹೋಗಿ, ಮೇಲಿನ ಸಂದಿಯಲ್ಲಿ ಕೈ ಹಾಕಿ ಚಿಲಕ ತೆಗೆದಿದ್ದಳು. ಏನೂ ಆಗಿರಲಿಲ್ಲ. ಆದರೆ ನಾನು ಇಂಥದ್ದೊಂದನ್ನೇ ಕಾಯುತ್ತಿದ್ದೆ.

ಅವತ್ತು ಸಂಜೆ ಪತ್ರ ಬರೆದೆ. ಇಂಗ್ಲಿಷಿನಲ್ಲಿ, ಒಂದು ಪುಟ, ಆಡಳಿತ ಮಂಡಳಿಗೆ, ದೊಡ್ಡ ಅಕ್ಕೋರ ಮೂಲಕ. ಆಯಾಗೆ ಕಿವಿ ಕೇಳುವುದಿಲ್ಲ, ಇಂಥ ದಿನ ಒಂದು ಮಗು ಒಳಗೆ ಸಿಕ್ಕಿಕೊಂಡು ಕೂಗಿದ್ದು ಆಕೆಗೆ ಕೇಳಿಸಲಿಲ್ಲ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ತಿಳಿಸುತ್ತಿದ್ದೇನೆ. ಒಂದು ಶಬ್ದವೂ ಸುಳ್ಳಿರಲಿಲ್ಲ. ಮೂರು ಸಲ ಓದಿದೆ. ಎರಡನೆಯ ಪ್ಯಾರಾದಲ್ಲಿ ಒಂದು ಕಾಮಾ ಅನವಶ್ಯಕ ಅನ್ನಿಸಿ, ಪುಟವನ್ನೇ ಹೊಸದಾಗಿ ಬರೆದೆ. ಇನ್ನೊಮ್ಮೆ ಬರೆಯುವಷ್ಟು ಹೊತ್ತು ಸಿಕ್ಕಿತ್ತು ನನಗೆ. ಅಷ್ಟು ಹೊತ್ತಿನಲ್ಲಿ ಮನುಷ್ಯ ಮನಸ್ಸು ಬದಲಿಸಬಹುದು. ನಾನು ಬದಲಿಸಿದ್ದು ಕಾಮಾ.

ದೊಡ್ಡ ಅಕ್ಕೋರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಬಾಯಿಲೆ ಹೇಳಿದ್ರ ನಾ ಆಕೀನ್ನ ಕರದು ಮಾತಾಡಿ ಬ್ಯಾರೆ ಏನರ ದಾರಿ ಹುಡುಕ್ತಿದ್ದೆ ಸರ್. ನೀವು ಬರದು ಕೊಟ್ರಿ. ಇನ್ನ ನನ್ನ ಕೈಯಾಗಿಲ್ಲ."

ವಾರದಲ್ಲಿ ನಿರ್ಣಯ ಬಂತು. ನಾಳೆ ಯಾವುದಾದರೂ ಮಗುವಿಗೆ ಏನಾದರೂ ಆದರೆ ಗೊತ್ತಿದ್ದೂ ಇಟ್ಟುಕೊಂಡಿರಿ ಎಂದು ಈ ಪತ್ರವನ್ನೇ ತೋರಿಸುತ್ತಾರೆ ಎಂದು ಮಂಡಳಿಯವರು ಹೆದರಿದರು. ತಪ್ಪೇನಲ್ಲ. ತಿಂಗಳ ಕೊನೆಗೆ ಆಯಾ ಬೀಗದಕೈ ಗೊಂಚಲನ್ನು ಆಫೀಸಿನಲ್ಲಿ ಕೊಟ್ಟು, ಮೊಮ್ಮಗಳ ಕೈ ಹಿಡಿದು ಹೋದಳು. ನನ್ನ ಕೋಣೆಯ ಮುಂದೆ ಹಾಯುವಾಗ ಆಕೆ ನನ್ನ ಕಡೆ ನೋಡಲಿಲ್ಲ. ಹುಡುಗಿ ನೋಡಿದಳು. ಮರುದಿನದಿಂದ ಎರಡನೆಯ ಸಾಲಿನಲ್ಲಿ ಒಂದು ಜಾಗ ಖಾಲಿ.

ಹೊಸ ಆಯಾ ಚಿಕ್ಕ ವಯಸ್ಸಿನವಳು, ಕಿವಿ ಚುರುಕು, ಫೋನಿನಲ್ಲಿ ಹಾಡು ಕೇಳುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮಕ್ಕಳು ಕಿರುಬೆರಳು ಎತ್ತುವುದರೊಳಗೆ "ಹೋಗ್ರಿ ಹೋಗ್ರಿ" ಎನ್ನುತ್ತಿದ್ದಳು. ನನ್ನ ತಾಸು ಸುಸೂತ್ರವಾಯಿತು. ಒಂದು ನಿಮಿಷವೂ ವ್ಯರ್ಥವಿಲ್ಲ. ಎರಡು ವಾರದಲ್ಲಿ ಕೊನೆಯ ಶಬ್ದಗಳು ಮತ್ತೆ ಕಾಣೆಯಾದವು. ಮೂರನೆಯ ವಾರಕ್ಕೆ ಅಂಗಿಯ ಗುಂಡಿಗೆ ಮಾತಾಡುವವರು ವಾಪಸ್ ಬಂದರು. ನಾನು ಹಿಂದಿನ ಗೋಡೆಗೆ ಬಣ್ಣದ ಕಾಗದದ ವೃತ್ತ ಅಂಟಿಸಿ, ಅದಕ್ಕೆ ಹೇಳಿರಿ ಎಂದೆ. ಒಬ್ಬ ಹುಡುಗ, "ಅದು ಕೇಳ್ತೈತೇನ್ರಿ ಸರ್?" ಎಂದ. ಬೆತ್ತ ತೋರಿಸಿದೆ. ನಾನೇ ಕಿವುಡನ ಹಾಗೆ ಕಿವಿಗೆ ಕೈ ಹಚ್ಚಿ "ಏನಂದಿ?" ಎಂದು ನೋಡಿದೆ. ಅವರು ನಕ್ಕರು. ನನಗೆ ಕೇಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೇಳುವವನ ಮುಂದೆ ಅಷ್ಟು ಕಷ್ಟ ಯಾರು ಪಡುತ್ತಾರೆ? ಕೂಗಿದೆ, ಬೈದೆ, ಒಂದು ದಿನ ಇಡೀ ತರಗತಿಯನ್ನು ನಿಲ್ಲಿಸಿದೆ. ಬೈದಷ್ಟೂ ದನಿ ಇಳಿಯುತ್ತ ಹೋಯಿತು. ಆಗ ಮನೆಗೆ ಬಂದು ಮಕ್ಕಳ ಮೇಲೆ ಸಿಟ್ಟು ಮಾಡುತ್ತಿದ್ದೆ, ಪಾಲಕರ ಮೇಲೆ ಮಾಡುತ್ತಿದ್ದೆ, ಹೊಸ ಆಯಾಳ ಫೋನಿನ ಮೇಲೆ ಮಾಡುತ್ತಿದ್ದೆ. ಸಿಟ್ಟು ಮಾಡಲು ಜನ ಸಾಲದೆ ಬಂದಾಗಷ್ಟೇ ನನ್ನ ಸರದಿ ಬಂತು.

ಜನವರಿಯ ಸಭೆ ಹಾಳಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತೈದು ಮಕ್ಕಳು ನಿಂತರು, ತುಟಿ ಆಡಿಸಿದರು. ಎರಡನೆಯ ಸಾಲಿನ ಆಚೆ ಯಾರಿಗೂ ಏನೂ ಕೇಳಲಿಲ್ಲ. ತಮ್ಮ ಮಗು ಇಂಗ್ಲಿಷಿನಲ್ಲಿ ಏನೋ ಹೇಳಿತು ಎಂಬ ಸಂತೋಷಕ್ಕೆ ಪಾಲಕರು ಚಪ್ಪಾಳೆ ಹೊಡೆದರು, ಫೋನಿನಲ್ಲಿ ಚಿತ್ರ ತೆಗೆದರು. ಹಲಗೆಯ ಮೇಲೆ ಎಲ್ಲರ ಚುಕ್ಕಿಯೂ ಸರಿಯಾದ ಜಾಗದಲ್ಲಿತ್ತು. ಮಂಡಳಿಯ ಹಿರಿಯರು ನನಗೆ ಶಾಲು ಹೊದಿಸಿದರು. ದೊಡ್ಡ ಅಕ್ಕೋರು ಎಲ್ಲರೂ ಹೋದ ಮೇಲೆ, "ಬರವಣಗಿ ಛಲೋ ಆಗೇತ್ರಿ ಸರ್" ಎಂದರು. ಮಾತಿನ ಬಗ್ಗೆ ಏನೂ ಅನ್ನಲಿಲ್ಲ.

ಮುಂದಿನ ವರ್ಷ ಎಲ್ಲ ತರಗತಿಗಳೂ ನನ್ನವು ಎಂದು ತೀರ್ಮಾನವಾಯಿತು. ಶಾಲು ಮನೆಗೆ ತಂದು ಕಪಾಟಿನಲ್ಲಿಟ್ಟೆ. ಎಂಟನೆಯ ದಿನ ದೊಡ್ಡ ಅಕ್ಕೋರ ಹತ್ತಿರ ಹೋಗಿ, ಆಯಾಳನ್ನು ವಾಪಸ್ ಕರೆಯಬಹುದೇ ಎಂದು ಕೇಳಿದೆ. ಮಕ್ಕಳಿಗೆ ಮಾತು ಕಲಿಸಿದ್ದು ಆಕೆ ಎಂಬುದನ್ನೂ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನಿಮ್ಮ ಪತ್ರ ಫೈಲಿನಲ್ಲಿದೆ, ಅದು ಅಲ್ಲಿರುವ ತನಕ ಯಾರೂ ಸಹಿ ಮಾಡುವುದಿಲ್ಲ ಎಂದರು. ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. "ಸುಳ್ಳ ಬರದಿದ್ದೆ ಅಂತ ಬರದು ಕೊಡ್ತೀರೇನ್ರಿ?" ಎಂದು ಕೇಳಿದರು. ಸುಳ್ಳು ಬರೆದಿರಲಿಲ್ಲವಲ್ಲ. ಅದೇ ತೊಂದರೆ.

ಮಾರ್ಚಿನಲ್ಲಿ ಕೆಲಸ ಬಿಟ್ಟೆ. ಬಿಟ್ಟ ಮರುವಾರ ಶಿರಗುಪ್ಪಿಗೆ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಯಾ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಈಗ ಹೊಲದ ಕೆಲಸಕ್ಕೆ ಹೋಗುತ್ತಿದ್ದಾಳೆಂದು ಪಕ್ಕದ ಮನೆಯವರು ಹೇಳಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು, ಒಳಗಿನಿಂದ ಕುರ್ಚಿ ತಂದಿಟ್ಟಳು. ನಾನು ಕೂರಲಿಲ್ಲ. ಆಕೆಯ ಎದುರು ನಿಂತು, ಮುಖ ನೋಡಿ, ಸಾವಕಾಶವಾಗಿ ಹೇಳಿದೆ. ಪತ್ರ ಬರೆದವನು ನಾನು. ಮಕ್ಕಳ ಮೇಲಿನ ಕಾಳಜಿಯಿಂದ ಬರೆಯಲಿಲ್ಲ, ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ ಬರೆದೆ. ತಪ್ಪಾಯಿತು, ಕ್ಷಮಿಸಿರಿ.

ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದಳು.

"ಎಲ್ಲಾ ತಿಳೀತ್ರಿ" ಎಂದಳು. "ಇಷ್ಟು ಬಿಚ್ಚಿ ಮಾತಾಡಾಕ ನಿಮಗೂ ಬರ್ತೈತಿ ಅಂದಂಗಾತು."

ಚಹಾ ಕೊಟ್ಟಳು. ಕುಡಿದೆ. ತನ್ನ ಬಗ್ಗೆ ಹೆಚ್ಚು ಹೇಳಲಿಲ್ಲ. ಹೊಲದಲ್ಲಿ ಕಿವಿ ಯಾರಿಗೂ ಬೇಕಾಗುವುದಿಲ್ಲ ಎಂದು ಮಾತ್ರ ಹೇಳಿ ನಕ್ಕಳು. ಆಮೇಲೆ ಮೊರ ಪಕ್ಕಕ್ಕಿಟ್ಟು ನನ್ನ ಕಡೆ ಪೂರ್ತಿ ತಿರುಗಿದಳು.

"ನಂದು ಮುಗೀತ್ರಿ ಸರ್. ಆಕೀಗೆ ಹೇಳ್ರಿ. ತಾ ಬಾಯಿ ಬಿಟ್ಟಿದ್ದಕ್ಕ ಅಜ್ಜಿ ಕೆಲಸ ಹೋತು ಅಂತ ತಿಳಕೊಂಡು ಕುಂತಾಳ. ಇಲ್ಲವಾ ಅಂತ ನಾ ಎಷ್ಟ ಹೇಳಿದ್ರೂ ನಂಬವಲ್ಲಳು. ಇಲ್ಲಿ ಸಾಲ್ಯಾಗೂ ಯಾರ ಜೋಡಿನೂ ಮಾತಾಡಂಗಿಲ್ಲಂತ. ಮಾತಾಡಿದ್ರ ಏನರ ಕೆಡತೈತಿ ಅಂತ ಅಂಜಿಕಿ. ನೀವ ಹೇಳಿದ್ರ ನಂಬ್ತಾಳ. ಈಗ ಬರೂ ಹೊತ್ತಾತು."

ಹೇಳುತ್ತೇನೆ ಎಂದೆ. ಅದಕ್ಕಾಗಿಯೇ ಕೂತೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ: ನೀನು ಹೇಳಿದ್ದರಿಂದ ಏನೂ ಆಗಲಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿನಗೆ ಮಾತು ಕೊಟ್ಟು ಮುರಿದವನು ನಾನು.

ನಾಲ್ಕೂವರೆಗೆ ಊರ ಸರಕಾರಿ ಶಾಲೆ ಬಿಟ್ಟಿತು. ಮೊಮ್ಮಗಳು ಚೀಲ ಹೊತ್ತು ಓಣಿಯ ತಿರುವಿನಲ್ಲಿ ಬಂದಳು, ನನ್ನನ್ನು ಕಂಡು ಅಲ್ಲೇ ನಿಂತಳು. ಅಜ್ಜಿ ಕೈಮಾಡಿ ಕರೆದಳು. ಹತ್ತಿರ ಬಂದು ನೆಲ ನೋಡುತ್ತ ನಮಸ್ಕಾರ ಅಂದಳು. ಅಂದಳೆಂದು ತುಟಿಯಿಂದ ತಿಳಿಯಿತು, ದನಿ ನನಗೂ ಕೇಳಲಿಲ್ಲ.

ನಾನು ಬಾಯಿ ತೆರೆದೆ. ಎಂಟು ವರ್ಷದ ಕೂಸು. ಅದರ ಮುಂದೆ ಮುದುಕನೊಬ್ಬ ನಾನು ಸುಳ್ಳುಗಾರ ಎಂದು ಹೇಳಬೇಕು. ಅಜ್ಜಿಯ ಮುಂದೆ ಹೇಳಿದವನಿಗೆ ಇದು ಕಷ್ಟವಾಗಬಾರದಿತ್ತು. ನನ್ನ ಬಾಯಿಂದ ಬಂದದ್ದು, "ಕಾಪಿ ತೋರಸವಾ, ಹೆಂಗ ಬರಿತೀ ನೋಡೂಣು."

ಆಕೆ ಚೀಲದಿಂದ ಇಂಗ್ಲಿಷ್ ಕಾಪಿ ತೆಗೆದು ಎರಡೂ ಕೈಯಿಂದ ಕೊಟ್ಟಳು. ಪುಟ ತಿರುವಿದೆ. ಅಕ್ಷರ ದುಂಡಗಿತ್ತು, ಚುಕ್ಕಿಗಳು ಇರಬೇಕಾದಲ್ಲೇ ಇದ್ದವು. ಕೊನೆಯ ಪುಟದಲ್ಲಿ ಒಂದು ವಾಕ್ಯಕ್ಕೆ ಮಾತ್ರ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಹಾಕಿದೆ. ಕಾಪಿ ವಾಪಸ್ ಕೊಟ್ಟೆ. ಶಾಬಾಸ್ ಎಂದೆ. ಆಕೆ ಅದನ್ನು ಚೀಲದಲ್ಲಿಟ್ಟು ಒಳಗೆ ಹೋದಳು.

ಆಯಾ ನನ್ನ ತುಟಿಗಳನ್ನು ನೋಡುತ್ತಲೇ ಇದ್ದಳು, ಇನ್ನೂ ಏನಾದರೂ ಬಂದೀತೆಂದು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ಬರಲು ಇನ್ನೂ ಮುಕ್ಕಾಲು ತಾಸಿತ್ತು. ಅಷ್ಟು ಹೊತ್ತೂ ನಿಲ್ದಾಣದಲ್ಲಿ ಕೂತಿದ್ದೆ. ಆ ಮನೆ ಅಲ್ಲಿಂದ ಕಾಣುತ್ತಿತ್ತು. ಎದ್ದು ಹೋಗಲಿಲ್ಲ.

ಅಲ್ಲಿಂದೀಚೆ ಶಿರಗುಪ್ಪಿಗೆ ಹೋಗಿಲ್ಲ. ಅಜ್ಜಿಯ ಹತ್ತಿರ ಕ್ಷಮೆ ಕೇಳಿದೆನಲ್ಲ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ಆ ಹುಡುಗಿ ಈಗ ಐದನೆಯ ತರಗತಿಯಲ್ಲಿರಬೇಕು. ತನ್ನ ಒಂದು ಮಾತಿನಿಂದ ಅಜ್ಜಿಯ ಕೆಲಸ ಹೋಯಿತೆಂದು ಇವತ್ತಿಗೂ ನಂಬಿರಬೇಕು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಆಕೆಯ ಮಾತು ಗೋಡೆಯ ತನಕ ಕೇಳಿತ್ತು. ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ, ಯಾರಿಗೂ ತೊಂದರೆಯಾಗಬಾರದೆಂದು. ಒಂದು ಹೆಸರನ್ನು ಮಾತ್ರ ಬರೆಯುತ್ತೇನೆ. ತಪ್ಪು ಆಕೆಯದಲ್ಲ ಎಂದು ಯಾರಾದರೂ ಆಕೆಗೆ ಓದಿ ಹೇಳಲಿ. ನಾನು ಕ್ಷಮೆ ಕೇಳದೆ ಎದ್ದುಬಂದದ್ದು ಆಕೆಯ ಮುಂದಿನಿಂದ.

ಶಿವಲೀಲಾ.